ಹೆಂಡತಿ ಇಲ್ಲದವನು

ಮಾರ್ಚ್ ೫

ತಂಗೀ,

ನಿನ್ನ ಮೊಣಕಾಲು ಹೇಗಿದೆ, ಮೊಮ್ಮಗ ಈಗ ಏನೇನು ಒಡೆದು ಹಾಕುತ್ತಿದ್ದಾನೆ ಎಂದೆಲ್ಲ ಕೇಳಿ ಅರ್ಧ ಪುಟ ತುಂಬಿಸುವ ತಾಳ್ಮೆ ಇವತ್ತು ನನಗಿಲ್ಲ. ನೇರವಾಗಿ ಹೇಳಿಬಿಡುತ್ತೇನೆ. ನಿನ್ನೆ ನಮ್ಮ ಕೋಣೆಗೆ ಒಬ್ಬ ಗಂಡಸು ಬಂದ.

ಹುಬ್ಬು ಗಂಟಿಕ್ಕಬೇಡ, ಪೂರ್ತಿ ಓದು. ಬುಧವಾರ ಮೂರು ಗಂಟೆ. ಎಂದಿನ ಹಾಗೆ ಹನ್ನೊಂದು ಜನ ಹೆಂಗಸರು ಆಸ್ಪತ್ರೆಯ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುತ್ತ ಕೂತಿದ್ದೆವು. ಮಕ್ಕಳು ಮೂಲೆಯಲ್ಲಿ ಮಗ್ಗಿ ಬರೆಯುತ್ತಿದ್ದವು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಮೈಕ್ ಅಜ್ಜಿ "ಇಲಿ ಔಷಧಿ ಇಡೋನು ಬಂದ್ನಾ?" ಎಂದಳು. ಈಕೆ ನೀನು ಹೋದ ಮೇಲೆ ಸೇರಿದವಳು. ಗುಟ್ಟು ಹೇಳಿದರೂ ಕೆಳಗಿನ ಸೈಕಲ್ ಅಂಗಡಿಗೆ ಕೇಳಿಸುತ್ತದೆ, ಅದಕ್ಕೇ ಆ ಹೆಸರು.

ಇಲಿ ಔಷಧಿಯವನಲ್ಲ. ಮೂವತ್ತೈದರ ಆಸುಪಾಸಿನ ಮನುಷ್ಯ. ಎರಡೂ ಕೈಗಳಲ್ಲಿ ಎರಡು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು. ಹೊಸ್ತಿಲ ಆಚೆಯೇ ನಿಂತು, "ಇದು ಗಂಡ ಇಲ್ಲದವರ ಜಾಗ ಅಂತ ಗೊತ್ತು. ನನಗೆ ಹೆಂಡತಿ ಇಲ್ಲ. ಒಳಗೆ ಬರಬಹುದಾ?" ಎಂದ.

"ಹೋಗಿ ಎಷ್ಟು ದಿನ ಆಯ್ತಪ್ಪಾ?" ಎಂದು ಕೇಳಿದೆ.

"ಒಂದೂವರೆ ವರ್ಷ."

ಎಲ್ಲರೂ ಸೂಜಿ ಕೆಳಗಿಟ್ಟರು. ಕುರ್ಚಿ ಕೊಟ್ಟೆವು, ಚಹಾ ಕೊಟ್ಟೆವು. ಏನು ಬೇಕು ಎಂದು ಕೇಳಿದರೆ, ಏನೂ ಬೇಡವಂತೆ. ಸ್ವಲ್ಪ ಹೊತ್ತು ಕೂರಬೇಕಂತೆ. ಆಮೇಲೆ, ಕಿವಿಯೆಲ್ಲ ಕೆಂಪಗೆ ಮಾಡಿಕೊಂಡು, "ಜಡೆ ಹಾಕೋದು ಯಾರಾದ್ರೂ ಹೇಳಿಕೊಡ್ತೀರಾ?" ಎಂದ. ನೋಡಿದರೆ ದೊಡ್ಡವಳ ಕೂದಲನ್ನು ಹಳೆಯ ವಾಚಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದಾನೆ ಕಣೇ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈಗ ಹೇಳು. ಬಾಗಿಲ ಮೇಲೆ ನೀನೇ ಬರೆಸಿದ ಹಲಗೆಯಲ್ಲಿ 'ವಿಧವೆಯರು ಮತ್ತು ಅನಾಥ ಮಕ್ಕಳು' ಎಂದಿದೆ. ಇವನು ಯಾರು? ಅಪ್ಪ ಕಣ್ಣೆದುರೇ ಇರುವ ಈ ಮಕ್ಕಳು ಯಾವ ಲೆಕ್ಕ, ಅರ್ಧ ಅನಾಥರಾ? ನಿಯಮ ಮಾಡಿದವಳು ನೀನು. ಬೇಗ ಬರೆ.

ಅಕ್ಕ


ಮಾರ್ಚ್ ೧೨

ಅಕ್ಕನಿಗೆ,

ಕಾಗದ ತಲುಪಿತು. ಮೊಣಕಾಲು ಹಾಗೇ ಇದೆ.

ನಿಯಮ ಸ್ಪಷ್ಟವಾಗಿದೆ. ಸೇರುವವರು ಗಂಡನನ್ನು ಕಳೆದುಕೊಂಡ ಹೆಂಗಸರಾಗಿರಬೇಕು. ಸೇರಿಸುವ ಮೊದಲು ಮರಣಪತ್ರದ ನಕಲು ನೋಡಬೇಕು. ಇಬ್ಬರೂ ಕೂತು ಒಪ್ಪಿ ಸಹಿ ಹಾಕಿದ್ದು, ನೆನಪಿದೆಯಾ? ಕರುಣೆಗೆ ಕೊನೆಯಿಲ್ಲ, ಆದರೆ ಕೋಣೆಗೆ ನಾಲ್ಕು ಗೋಡೆ ಇದೆ. ಇವತ್ತು ಒಬ್ಬ ಒಳ್ಳೆಯವನು ಬಂದ ಎಂದು ಬಾಗಿಲು ತೆಗೆದರೆ, ನಾಳೆ ಬರುವವನು ಹೇಗಿರುತ್ತಾನೋ? ಗಂಡಸರ ಸದ್ದಿಲ್ಲದ ಜಾಗ ಎಂದೇ ಅಲ್ಲಿಗೆ ಬರುವ ಹೆಂಗಸರಿದ್ದಾರೆ. ಜಡೆ ಕಲಿಸುವುದಿದ್ದರೆ ಕೆಳಗೆ ಸೈಕಲ್ ಅಂಗಡಿಯ ಮುಂದೆ ನಿಲ್ಲಿಸಿ ಕಲಿಸು.

ಇಲ್ಲಿ ಎಲ್ಲರೂ ಸೌಖ್ಯ. ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವವಳು ಮೊಮ್ಮಗನಿಗೆ ಉಲ್ಲನ್ ಟೋಪಿ ಹೆಣೆದು ಕೊಟ್ಟಿದ್ದಾಳೆ. ಚೆನ್ನಾಗಿದೆ. ಆದರೆ ಮಗುವನ್ನು ಮಾತ್ರ ಎತ್ತಿಕೊಳ್ಳುವುದಿಲ್ಲ.

ತಂಗಿ


ಮಾರ್ಚ್ ೧೯

ತಂಗೀ,

ಚಹಾ ಕುಡಿಯುತ್ತ ಕೂತವನ ಹತ್ತಿರ ಹೋಗಿ, ಎಲ್ಲಪ್ಪಾ ನಿನ್ನ ಹೆಂಡತಿಯ ಮರಣಪತ್ರ ಎಂದು ಕೇಳುವುದು ಹೇಗೆ? ನನ್ನ ಕೈಲಾಗಲಿಲ್ಲ. ಕೈ ಎತ್ತಿಸಿದೆ. ಎಂಟು ಜನ ಬರಲಿ ಎಂದರು, ಇಬ್ಬರು ಬೇಡ ಎಂದರು, ಒಬ್ಬಳು ನಿದ್ದೆ ಮಾಡುತ್ತಿದ್ದಳು. ಹಾಗಾಗಿ ಅವನು ಬರುತ್ತಿದ್ದಾನೆ.

ಬಸ್ ನಿಲ್ದಾಣದ ಹಿಂದೆ ಗಡಿಯಾರ ರಿಪೇರಿ ಅಂಗಡಿ ಅವನದು. ಮನೆ ಅಂಗಡಿಯ ಹಿಂಭಾಗದಲ್ಲೇ. ಗೋಡೆ ತುಂಬ ಗಡಿಯಾರ, ಒಂದೊಂದು ಒಂದೊಂದು ಗಂಟೆ ತೋರಿಸುತ್ತವಂತೆ. ಪರದೆಯ ಹಗ್ಗವನ್ನು ಮೂರೆಳೆಯಾಗಿ ಬಿಡಿಸಿ ಜಡೆ ಅಭ್ಯಾಸ ಮಾಡುತ್ತಾನೆ. ಬೆರಳು ಎಷ್ಟು ನಾಜೂಕು ಅನ್ನುತ್ತೀ! ಎರಡನೆಯ ವಾರಕ್ಕೇ ನಮ್ಮ ಅರ್ಧ ಜನರಿಗಿಂತ ಚೆನ್ನಾಗಿ ಹಾಕಿದ. ಮೂರನೆಯ ಮಗು ಹುಟ್ಟಿ ಒಂಬತ್ತೇ ದಿನ ಬದುಕಿತ್ತಂತೆ. ಅದಾದ ಕೆಲವು ತಿಂಗಳಿಗೆ ಹೆಂಡತಿ ಹೋದಳಂತೆ. ಅದೇ ಬಾಣಂತನದ ಕಾಯಿಲೆ ಇರಬೇಕು. ಕೆದಕಿ ಕೇಳಲಿಲ್ಲ.

ಚಿಕ್ಕವಳು ಮೈಕ್ ಅಜ್ಜಿಯ ಮಡಿಲು ಬಿಟ್ಟು ಇಳಿಯುವುದಿಲ್ಲ. ದೊಡ್ಡವಳದ್ದೇ ನನಗೆ ಅರ್ಥವಾಗುವುದಿಲ್ಲ. ಮಾತಿಲ್ಲ. ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಾಳೆ. ತಂಗಿಯ ಸ್ನಾನ, ಊಟ ಎಲ್ಲ ತಾನೇ ನೋಡಿಕೊಳ್ಳಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಅಪ್ಪ ಕೂಡ.

ಬೈಯುವುದಿದ್ದರೆ ಬೈದು ಬರೆ. ಆದರೆ ಬರೆ.

ಅಕ್ಕ


ಮಾರ್ಚ್ ೨೭

ಅಕ್ಕನಿಗೆ,

ಆ ಮನುಷ್ಯನನ್ನು ಕೋಣೆಗೆ ಬರಲು ಬಿಡಬೇಡ. ಯಾಕೆ ಎಂದು ಕೇಳಬೇಡ. ನನ್ನ ವಿಳಾಸ ಅವನಿಗೆ ಸಿಗಕೂಡದು. ನಾನು ಯಾವ ಊರಿನಲ್ಲಿದ್ದೇನೆ ಎಂದೂ ಯಾರ ಮುಂದೆಯೂ ಹೇಳಬೇಡ. ಈ ಕಾಗದ ಓದಿ ಹರಿದುಬಿಡು.

ತಂಗಿ


ಏಪ್ರಿಲ್ ೨

ತಂಗೀ,

ಹರಿಯಲಿಲ್ಲ. ಮೂರು ಸಲ ಓದಿದೆ, ತಲೆಬುಡ ತಿಳಿಯಲಿಲ್ಲ.

ನಿನ್ನ ತಲೆಯಲ್ಲಿ ಏನಿದೆ ಎಂದು ನಾನೇ ಊಹಿಸಲಾ? ಅರವತ್ತೆರಡರ ಅಕ್ಕನಿಗೆ ಮರುಳು ಹತ್ತಿದೆ ಎಂದುಕೊಂಡಿದ್ದೀಯಾ? ಅವನು ನನ್ನ ಮಗನ ವಯಸ್ಸಿನವನೇ! ಅಥವಾ ಅವನು ನಿನ್ನನ್ನು ಹುಡುಕಿಕೊಂಡು ಅಲ್ಲಿಗೆ ಬಂದು ಜಡೆ ಹಾಕು ಎನ್ನುತ್ತಾನೆಂಬ ಭಯವಾ? ನಿನ್ನ ವಿಳಾಸ ಅವನಿಗೆ ಯಾತಕ್ಕೆ ಬೇಕು, ಹೇಳು.

ನನಗೆ ಅನ್ನಿಸುವುದು ಇಷ್ಟು. ನಿನಗೆ ಈ ಕೋಣೆ ಬೇಡವಾಗಿದೆ. ಮಗಳ ಬಾಣಂತನ, ಮೂರು ತಿಂಗಳು ಎಂದು ಹೋದವಳು ಒಂದೂವರೆ ವರ್ಷವಾದರೂ ಬರಲಿಲ್ಲ. ಹೋಗುವಾಗ ಹಳೆಯ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ನಾನು ಅದರಲ್ಲಿ ಗೀಚಿಬಿಡುತ್ತೇನೆ ಎಂದು ತಾನೆ? ಆವತ್ತೇ ಕೇಳಬೇಕೆಂದಿದ್ದೆ. ನುಂಗಿಕೊಂಡೆ. ಇಬ್ಬರ ಗಂಡಂದಿರೂ ಒಂದೇ ವರ್ಷ ಹೋದರು, ಇಬ್ಬರೂ ಸೇರಿ ಎರಡು ಕುರ್ಚಿ ಇಟ್ಟುಕೊಂಡು ಈ ಕೋಣೆ ಶುರುಮಾಡಿದೆವು. ಈಗ ಒಬ್ಬಳು ಇಲ್ಲಿಲ್ಲ, ಆದರೆ ಅಪ್ಪಣೆ ಮಾತ್ರ ಬರುತ್ತದೆ.

ಅವನನ್ನು ಬರಬೇಡ ಎಂದು ಹೇಳುವುದಿಲ್ಲ. ನೀನೇ ಬಂದು ಹೇಳು.

ಅಕ್ಕ


ಏಪ್ರಿಲ್ ೨೩

ತಂಗೀ,

ಮೂರು ವಾರ ನಿನ್ನಿಂದ ಒಂದು ಸಾಲಿಲ್ಲ. ನಾನೂ ಸುಮ್ಮನಿರೋಣ ಎಂದುಕೊಂಡೆ. ಆಗಲಿಲ್ಲ. ನಮ್ಮಿಂದ ಒಂದು ದೊಡ್ಡ ತಪ್ಪಾಗಿದೆ. ಅದು ತಪ್ಪೋ ಅಲ್ಲವೋ ಎಂಬುದೂ ಗೊತ್ತಾಗುತ್ತಿಲ್ಲ.

ಕಳೆದ ವಾರ ಚಿಕ್ಕವಳು ಮೈಕ್ ಅಜ್ಜಿಯನ್ನು, "ನಿಮ್ಮ ಮನೆ ತಾತ ಎಲ್ಲಿ?" ಎಂದು ಕೇಳಿದಳು. ಅಜ್ಜಿ, ತೀರಿಹೋದರು ಎಂದಳು. ಹಾಗಂದರೆ ಏನು ಎಂದು ಮಗು ಕೇಳಿತು. "ಸತ್ತೋದ್ರು ಕಣೇ ಕಂದಾ. ನಿಮ್ಮಮ್ಮನ ಹಾಗೆ. ಇನ್ನು ಬರಲ್ಲ. ಅತ್ತುಬಿಡು, ಹಗುರ ಆಗುತ್ತೆ." ಇಡೀ ಬೀದಿಗೆ ಕೇಳಿಸಿತು. ಮಗು ಬಿಕ್ಕಳಿಕೆ ಬರುವವರೆಗೆ ಅತ್ತಿತು. ನಾವು ಬೆನ್ನು ಸವರಿದೆವು. ಮಕ್ಕಳಿಗೆ ನಿಜ ಮುಚ್ಚಿಡಬಾರದು ಎನ್ನುವುದು ನಮ್ಮ ಪದ್ಧತಿಯೇ ತಾನೆ? ದೊಡ್ಡವಳು ಮಾತ್ರ ಎದ್ದು ನಿಂತು ನಮ್ಮೆಲ್ಲರನ್ನೂ ದುರುಗುಟ್ಟಿ ನೋಡಿದಳು. ದುಃಖ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ನಾನೊಬ್ಬಳೇ ಗುಂಡಿಗಳನ್ನು ಆರಿಸುತ್ತಿದ್ದೆ. ಅವನು ಬಂದ, ಒಬ್ಬನೇ.

"ಚಿಕ್ಕವಳಿಗೆ ಅವಳಮ್ಮ ಸತ್ತಳು ಅಂತ ಯಾರು ಹೇಳಿದ್ದು?"

"ಏನಪ್ಪಾ ಹಾಗಂದ್ರೆ? ಹೆಂಡತಿ ಇಲ್ಲ ಅಂತ ಮೊದಲನೇ ದಿನ ನೀನೇ ತಾನೆ ಹೇಳಿದ್ದು?"

"ಇಲ್ಲ ಅಂದೆ. ಸತ್ತಳು ಅಂದ್ನಾ?"

"ಹೋಗಿ ಒಂದೂವರೆ ವರ್ಷ ಆಯ್ತು ಅಂದೆಯಲ್ಲೋ!"

"ಹೋದಳು. ಬೆಳಿಗ್ಗೆ ಎದ್ದು ನೋಡಿದ್ರೆ ಇರಲಿಲ್ಲ. ಹೋದಳು ಅನ್ನದೆ ಇನ್ನೇನು ಅನ್ನಲಿ?"

ನಾನು ಗುಂಡಿಯ ಡಬ್ಬ ಕೆಳಗಿಟ್ಟೆ. ಆಮೇಲೆ ಕೇಳಿದೆ, "ನಾವೆಲ್ಲ ಏನಂದುಕೊಂಡ್ವಿ ಅಂತ ನಿನಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು ದೊಡ್ಡಮ್ಮಾ. ಆದ್ರೆ ಆವತ್ತು ನೀವೆಲ್ಲ ಸೂಜಿ ಕೆಳಗಿಟ್ರಿ. ಕುರ್ಚಿ ಕೊಟ್ರಿ. ಹೆಂಡತಿ ಬಿಟ್ಟುಹೋದ ಗಂಡಸಿಗೆ ಯಾರೂ ಕುರ್ಚಿ ಕೊಡಲ್ಲ. ಏನು ಮಾಡಿದ್ಯೋ ಅಂತ ಕೇಳ್ತಾರೆ."

"ಏನು ಮಾಡಿದ್ದೆ?" ನಾನೂ ಅದನ್ನೇ ಕೇಳಿಬಿಟ್ಟೆ, ನೋಡು.

"ಅದೇ ನನಗೂ ಗೊತ್ತಿಲ್ಲ," ಎಂದ.

ಅವಳು ಬದುಕಿದ್ದಾಳೋ ಇಲ್ಲವೋ ಅವನಿಗೇ ತಿಳಿಯದು. ಪೊಲೀಸರ ಹತ್ತಿರ ಹೋಗಿದ್ದನಂತೆ. ದೊಡ್ಡ ಹೆಂಗಸು, ತಾನಾಗಿ ಹೋದರೆ ನಾವೇನು ಮಾಡೋಣ ಎಂದರಂತೆ. ನಿನ್ನೆ ಕೋಣೆಯಲ್ಲಿ ಇದನ್ನೇ ಹೇಳಿದೆ. ಒಬ್ಬಳು ಮೋಸಗಾರ ಎಂದಳು. ಇನ್ನೊಬ್ಬಳು, ಬದುಕಿರಬಹುದಾದ ಹೆಂಡತಿ ಇದ್ದಾಳಲ್ಲ, ಪುಣ್ಯವಂತ ಎಂದಳು. ಮೈಕ್ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಿಕ್ಕವಳಿಗೆ ಈಗ ಏನು ಹೇಳುವುದು? ಸತ್ತಿಲ್ಲ ಎನ್ನಲೂ ನಮಗೆ ಗೊತ್ತಿಲ್ಲವಲ್ಲ. ನಿನ್ನ ಕೋಪ ಆಮೇಲೆ ತೀರಿಸಿಕೋ. ಈಗ ಒಂದು ದಾರಿ ಹೇಳು.

ಅಕ್ಕ


ಏಪ್ರಿಲ್ ೩೦

ಅಕ್ಕನಿಗೆ,

ಸತ್ತಿಲ್ಲ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾಳೆ. ಟೋಪಿ ಹೆಣೆದವಳು ಅವಳೇ.

ಇದನ್ನು ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು. ನಾಲ್ಕು ಸಲ ಬರೆದೆ, ನಾಲ್ಕೂ ಸಲ ಒಲೆಗೆ ಹಾಕಿದೆ. ಇನ್ನು ಮುಚ್ಚಿಡುವುದಿಲ್ಲ.

ನಾನು ಹೊರಡುವ ವಾರ ಕೋರ್ಟಿನ ಜಗುಲಿಯಲ್ಲಿ ನಾನು ಅರ್ಜಿ ಟೈಪ್ ಮಾಡುತ್ತಿದ್ದ ಯಂತ್ರದ ಮುಂದೆ ಒಬ್ಬಳು ಬಂದು ಕೂತಳು. "ನನಗೆ ಮಕ್ಕಳಿಲ್ಲ ಅಂತ ಒಂದು ಪತ್ರ ಮಾಡಿಕೊಡಿ," ಎಂದಳು. ಮಕ್ಕಳಿಲ್ಲ ಎಂದು ಪತ್ರ ಮಾಡಿಸುವವರನ್ನು ಮೂವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಮನೆಗೆ ಕರೆದುಕೊಂಡು ಹೋದೆ. ಎರಡು ದಿನ ಅಲ್ಲಿನ ನನ್ನ ಮನೆಯಲ್ಲಿದ್ದಳು. ನಿನಗೆ ಹೇಳಲಿಲ್ಲ. ಒಂಬತ್ತು ದಿನದ ಮಗು ಹೋದ ಮೇಲೆ ಅವಳಿಗೆ ಏನೋ ಆಯಿತು. ಗಂಡ ದುಃಖ ನುಂಗಿ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತ. ಇವಳು ಹಿಂದಿನ ಕೋಣೆಯಲ್ಲಿ, ಅಷ್ಟೂ ಗಡಿಯಾರಗಳ ನಡುವೆ. ಒಂದು ಮಧ್ಯಾಹ್ನ ಚಿಕ್ಕವಳನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿ ನಲ್ಲಿ ಬಿಟ್ಟಳಂತೆ. ನೀರು ಏರುತ್ತಿತ್ತು. ಇವಳು ನೋಡುತ್ತ ನಿಂತಳು. ಕೈ ಮುಂದೆ ಹೋಗಲಿಲ್ಲವಂತೆ. ದೊಡ್ಡವಳು ಶಾಲೆಯಿಂದ ಬಂದವಳು ತಂಗಿಯನ್ನು ಹೊರಗೆಳೆದಳು. ಮಗುವಿಗೆ ಏನೂ ಆಗಲಿಲ್ಲ. ಆದರೆ ಇವಳು ಮೂರನೆಯ ದಿನ ಮನೆ ಬಿಟ್ಟಳು. ತಾನು ಹತ್ತಿರವಿದ್ದರೆ ಮಕ್ಕಳು ಉಳಿಯುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಳು.

ನನಗೆ ಕೇಳಲೇಬೇಕಾದ್ದು ಒಂದಿತ್ತು. "ಗಂಡ ಹೊಡೀತಾನಾ?" ಎಂದೆ. ಇಲ್ಲ ಎಂದಳು. "ಏನಾದ್ರೂ ಮಾಡಿದ್ನಾ?" ಇಲ್ಲ. ಜಗುಲಿಯಲ್ಲಿ ಕೂತು ಎಷ್ಟು ಹೆಂಗಸರ ಇಲ್ಲವನ್ನು ಕೇಳಿದ್ದೇನೆ ಅಕ್ಕ. ಈ ಇಲ್ಲ ಯಾವ ಬಗೆಯದೋ ನನಗೆ ತಿಳಿಯಲಿಲ್ಲ. ಅವನಿಗೆ ಹೇಳಬೇಡಿ ಎಂದು ಕೈ ಹಿಡಿದು ಮಾತು ತೆಗೆದುಕೊಂಡಳು. ಬಸ್ಸಿನಲ್ಲಿ ಜೊತೆಗೆ ಕರೆತಂದೆ. ಇಲ್ಲಿನ ಆಸ್ಪತ್ರೆಗೆ ತೋರಿಸಿದೆ. ಇದು ಹುಚ್ಚಲ್ಲ, ಹೆರಿಗೆಯ ನಂತರ ಕೆಲವರಿಗೆ ಬರುವ ಕಾಯಿಲೆ, ಚಿಕಿತ್ಸೆ ಇದೆ ಎಂದರು. ಗುಣವಾಗುತ್ತ ಬಂದಳು. ಅದೇ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಕೆಲಸ ಸಿಕ್ಕಿತು, ನಮ್ಮ ಕೋಣೆಯ ಪತ್ರ ತೋರಿಸಿ. ಆ ಪತ್ರಕ್ಕಾಗಿ ಅವಳ ಹೆಸರನ್ನು ನಮ್ಮ ರಿಜಿಸ್ಟರಿನಲ್ಲಿ ವಿಧವೆ ಎಂದು ಬರೆದೆ. ನಿಯಮ ಬರೆದ ಕೈಯಿಂದಲೇ. ರಿಜಿಸ್ಟರ್ ತಂದದ್ದು ನೀನು ಗೀಚುತ್ತೀ ಎಂದಲ್ಲ. ನಾನು ಗೀಚಿದ್ದು ನಿನಗೆ ಕಾಣಬಾರದು ಎಂದು.

ಊರಿಗೆ ಬಾರದ್ದೂ ಅದಕ್ಕೇ. ಅವಳನ್ನು ಒಬ್ಬಳೇ ಬಿಟ್ಟು ಬರಲು ಧೈರ್ಯವಿರಲಿಲ್ಲ. ನಿನ್ನ ಮುಖ ನೋಡಲೂ ಇರಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ಮಾರ್ಚ್‌ನಲ್ಲಿ ನಿನ್ನ ಕಾಗದದಲ್ಲಿ ಗಡಿಯಾರದ ಅಂಗಡಿ ಎಂದು ಓದಿದಾಗ, ಹುಡುಕಿಕೊಂಡೇ ಬಂದಿದ್ದಾನೆ ಎಂದುಕೊಂಡೆ. ಜಡೆ ಕಲಿಯಲು ಬಂದಿದ್ದಾನೆ ಎಂದು ನಂಬಲಾಗಲಿಲ್ಲ.

ದಯವಿಟ್ಟು ಅವನಿಗೆ ಇನ್ನೂ ಹೇಳಬೇಡ.

ತಂಗಿ


ಮೇ ೭

ತಂಗೀ,

ಹೇಳಲಿಲ್ಲ. ಹೇಗೆ ಹೇಳಲಿಲ್ಲವೋ ಆ ದೇವರಿಗೇ ಗೊತ್ತು.

ನಿನ್ನೆ ಅವನು ಎಂದಿನಂತೆ ಬಂದು ಚಿಕ್ಕವಳಿಗೆ ನಾಲ್ಕೆಳೆಯ ಜಡೆ ಹಾಕುತ್ತಿದ್ದ. "ದೊಡ್ಡಮ್ಮಾ, ಬಿಗಿ ಆಯ್ತಾ ನೋಡಿ," ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ. ಇಲ್ಲದ ಕೆಮ್ಮು ಕೆಮ್ಮಿಕೊಂಡು ಒಳಗೆ ಹೋದೆ. ಅಲ್ಲಿಂದ ನೋಡಿದೆ. ಚಿಕ್ಕವಳು ನೀರು ಕುಡಿಯಲು ನಲ್ಲಿಯ ಹತ್ತಿರ ಹೋದಳು. ದೊಡ್ಡವಳು ಎದ್ದು ಹೋಗಿ, ತಂಗಿ ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಳು, ನಲ್ಲಿ ನಿಲ್ಲಿಸಿದಳು, ಮತ್ತೊಮ್ಮೆ ತಿರುಗಿಸಿ ಬಿಗಿ ಮಾಡಿದಳು. ಎರಡು ತಿಂಗಳಿಂದ ನನ್ನ ಕಣ್ಣೆದುರೇ ಹೀಗೆ ಮಾಡುತ್ತಿದ್ದಾಳೆ. ಒಳ್ಳೆಯ ಹುಡುಗಿ, ನೀರು ಪೋಲು ಮಾಡುವುದಿಲ್ಲ ಎಂದು ಹೊಗಳಿದ್ದೆ ನಾನು!

ನಿನ್ನ ಮೇಲೆ ಕೋಪ ಬಂದಿದೆ. ಎಷ್ಟು ಎಂದರೆ, ನೀನು ಎದುರಿಗಿದ್ದರೆ ಅನ್ನ ಹಾಕುತ್ತಲೇ ಬೈಯುತ್ತಿದ್ದೆ. ಸುಳ್ಳು ಬರೆದದ್ದಕ್ಕಲ್ಲ. ನನಗೆ ಹೇಳದ್ದಕ್ಕೆ. ಆಮೇಲೆ ಯೋಚಿಸುತ್ತೇನೆ, ನನಗೆ ಹೇಳಿದ್ದರೆ ಒಂದೇ ವಾರಕ್ಕೆ ಅವನಿಗೆ ತಲುಪುತ್ತಿತ್ತು, ನನ್ನ ಬಾಯಿ ನನಗೆ ಗೊತ್ತಿಲ್ಲವೇ. ಅವಳ ಮೇಲೆ ಕೋಪ ಮಾಡಿಕೊಳ್ಳೋಣ ಎಂದರೆ, ನೀನು ಬರೆದ ಆ ತೊಟ್ಟಿ ಕಣ್ಣ ಮುಂದೆ ಬರುತ್ತದೆ. ಯಾರ ಕಡೆ ನಿಲ್ಲಬೇಕು? ಗಂಡ ಇರುವ ವಿಧವೆ, ಹೆಂಡತಿ ಇರುವ ವಿಧುರ, ಅಪ್ಪ ಅಮ್ಮ ಇಬ್ಬರೂ ಇರುವ ಅನಾಥರು. ಇದೇನು ಕೋಣೆ ನಡೆಸುತ್ತಿದ್ದೇವೆ ನಾವು!

ಒಂದು ಕೆಲಸ ಮಾಡು. ನನ್ನ ಕಾಗದಗಳನ್ನೆಲ್ಲ ಅವಳಿಗೆ ಕೊಡು. ಅವಳೇ ಓದಲಿ. ಹದಿನೈದು ದಿನ ಬಾಯಿ ಮುಚ್ಚಿಕೊಂಡಿರುತ್ತೇನೆ. ಅದಕ್ಕಿಂತ ಹೆಚ್ಚಿಗೆ ಆಗುವುದಿಲ್ಲ.

ಅಕ್ಕ


ಮೇ ೨೧

ಅಕ್ಕನಿಗೆ,

ಕೊಟ್ಟೆ. ಮೆಟ್ಟಿಲ ಮೇಲೆ ಕೂತು ಓದಿದಳು. ಮೈಕ್ ಅಜ್ಜಿ ಚಿಕ್ಕವಳಿಗೆ ಹೇಳಿದ ಜಾಗಕ್ಕೆ ಬಂದಾಗ ಕಾಗದ ಮಡಿಚಿ ಮೇಲೆ ಹೋದಳು. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ನಾನು ಗಂಟೆಗೊಮ್ಮೆ ಬಾಗಿಲು ತಟ್ಟುತ್ತಿದ್ದೆ. "ಇದ್ದೀನಿ," ಎನ್ನುತ್ತಿದ್ದಳು, ಅಷ್ಟೆ.

ಮೂರನೆಯ ದಿನ ಇಳಿದು ಬಂದು, ಯಾರನ್ನೂ ಕೇಳದೆ ಮೊಮ್ಮಗನನ್ನು ಎತ್ತಿಕೊಂಡಳು. ಬೇರೆಯವರ ಗಾಜಿನ ಸಾಮಾನು ಹಿಡಿದ ಹಾಗೆ, ಮೈಯಿಂದ ದೂರ. ಅವನು ಅವಳ ಕಿವಿ ಎಳೆದ, ಮೂಗು ಎಳೆದ, ಬೇಜಾರಾಗಿ ಕೆಳಗೆ ಇಳಿದ. ಆಗ ನನ್ನನ್ನು ಕೇಳಿದಳು, "ಆವತ್ತು ಅವಳು ಅತ್ತಾಗ ಮುಖ ಒರೆಸಿದ್ದು ಯಾರು?" ನನಗೆ ಗೊತ್ತಿಲ್ಲ ಎಂದೆ. ನೀನು ಅದನ್ನು ಬರೆದಿರಲಿಲ್ಲ.

ಬರುತ್ತಾಳಂತೆ. ಜೂನ್ ಮೂರು, ಬುಧವಾರದ ಬಸ್ಸಿಗೆ. ಮನೆಗಲ್ಲ, ಕೋಣೆಗೆ. ಆ ಗಡಿಯಾರಗಳ ಮನೆಗೆ ಕಾಲಿಡಲು ಇನ್ನೂ ಆಗುವುದಿಲ್ಲ ಎನ್ನುತ್ತಾಳೆ. ಡಾಕ್ಟರು ನಾಲ್ಕು ದಿನ ಹೋಗಿ ಬಾ ಎಂದಿದ್ದಾರೆ. ನೀನು ಮೊದಲು ಅವನನ್ನು ಕೇಳಬೇಕಂತೆ. ಬೇಡ ಎಂದರೆ ಅದೇ ಬಸ್ಸಿಗೆ ತಿರುಗಿ ಬರುತ್ತಾಳೆ. ತೊಟ್ಟಿಯ ವಿಷಯ ತಾನೇ ಹೇಳುತ್ತಾಳಂತೆ, ನೀನು ಹೇಳಬಾರದು. ಜೊತೆಗೆ ಬರಲಾ ಎಂದೆ. ಬೇಡ ಎಂದಳು. ನನಗೆ ಹೆದರಿಕೆ ಅಕ್ಕ. ಕಳಿಸುವುದೂ ಹೆದರಿಕೆ, ಕಳಿಸದಿರುವುದೂ ಹೆದರಿಕೆ.

ತಂಗಿ


ಜೂನ್ ೪

ತಂಗೀ,

ಬಂದಳು. ನಮ್ಮ ಮನೆಯಲ್ಲಿದ್ದಾಳೆ. ಈಗ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ, ಬೇಡವೆಂದರೂ ಕೇಳದೆ. ಮೊದಲು ನಿನ್ನ ಎದೆ ತಣ್ಣಗಾಗಲಿ ಎಂದು ಇದನ್ನು ಮುಂದೆ ಹಾಕಿದೆ. ಇನ್ನು ನಿಧಾನವಾಗಿ ಓದು.

ನಿನ್ನ ಕಾಗದ ಬಂದ ದಿನವೇ ಅವನ ಅಂಗಡಿಗೆ ಹೋದೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ವಾಚಿನ ಹೊಟ್ಟೆ ಬಿಚ್ಚಿ ಕೂತಿದ್ದ. ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. "ಇದ್ದಾಳೆ ಕಣಪ್ಪಾ," ಎಂದೆ. ಯಾರು ಎಂದು ಅವನು ಕೇಳಲಿಲ್ಲ. ಭೂತಗನ್ನಡಿ ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. "ಊಟ ಮಾಡ್ತಾಳಾ?" ಎಂದು ಕೇಳಿದ. ಮಾಡುತ್ತಾಳೆ ಎಂದೆ. ಯಾಕೆ ಹೋದಳು ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ಬರಲಿ ಎಂದ. ಅವನಿಗೆ ಸಂತೋಷವಾಯಿತೋ ಸಿಟ್ಟು ಬಂದಿತೋ ಎಂದು ನೀನು ಕೇಳುತ್ತೀ. ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾದ ಹಾಗಿರಲಿಲ್ಲ.

ದೊಡ್ಡವಳು ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. "ಅಮ್ಮ ಬಂದ್ರೂ ಚಿಕ್ಕವಳ ಸ್ನಾನ ನಾನೇ ಮಾಡಿಸೋದು," ಎಂದಳು. ಅಪ್ಪ, "ಅದ್ಯಾಕೆ ಈಗ ಆ ಮಾತು?" ಎಂದ. ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. "ಆಗಲಿ ಕಣಮ್ಮಾ, ನೀನೇ ಮಾಡಿಸು," ಎಂದೆ.

ನಿನ್ನೆ ಯಾರೂ ಬರಬೇಡಿ, ಗಲಾಟೆ ಬೇಡ ಎಂದು ಎಲ್ಲರಿಗೂ ಹೇಳಿದ್ದೆ. ಎರಡೂವರೆಗೇ ಹನ್ನೊಂದು ಜನರೂ ಬಂದು ಕೂತಿದ್ದರು. ಒಬ್ಬರ ಸೂಜಿಯಲ್ಲೂ ದಾರವಿರಲಿಲ್ಲ. ಮೂರು ಗಂಟೆಯಾಯಿತು. ಕೆಳಗೆ ಅವಳು ಬಂದು ನಿಂತದ್ದು ಕಿಟಕಿಯಿಂದ ಕಂಡಿತು. ಮೆಟ್ಟಿಲು ಹತ್ತಲಿಲ್ಲ. ಹತ್ತು ನಿಮಿಷ, ಕಾಲು ಗಂಟೆ. ನಾನು ಏಳಲು ಹೋದೆ. ದೊಡ್ಡವಳು ನನ್ನ ಸೀರೆ ಹಿಡಿದು ಕೂರಿಸಿ ತಾನೇ ಇಳಿದು ಹೋದಳು. ಕೆಳಗೆ ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಕೈ ಹಿಡಿದುಕೊಂಡೇನೂ ಬರಲಿ‌ಲ್ಲ. ಹುಡುಗಿ ಮುಂದೆ, ಅಮ್ಮ ನಾಲ್ಕು ಮೆಟ್ಟಿಲು ಹಿಂದೆ.

ಅವನು ಎದ್ದು ನಿಂತ. ಅವಳು ಬಾಗಿಲಲ್ಲಿ ನಿಂತಳು. ಅಂಥ ಗಳಿಗೆಯಲ್ಲಿ ಆ ಮಹಾನುಭಾವ ಏನು ಮಾಡಿದ ಗೊತ್ತಾ? ತಾನು ಕೂತಿದ್ದ ಕುರ್ಚಿಯನ್ನು ಅವಳ ಕಡೆ ಸರಿಸಿದ. ಅವಳು ಕೂತಳು.

ತೊಟ್ಟಿಯ ವಿಷಯ ಆಮೇಲೆ ಹೇಳಿದಳು, ಒಳಕೋಣೆಯಲ್ಲಿ, ಅವನೊಬ್ಬನಿಗೇ. ಅರ್ಧ ಗಂಟೆಯ ಮೇಲೆ ಅವನು ಹೊರಗೆ ಬಂದ. ಮುಖ ಸುಣ್ಣದ ಹಾಗಾಗಿತ್ತು. ದೊಡ್ಡವಳ ಮುಂದೆ ಮಂಡಿಯೂರಿ ಕೂತು, "ನನಗೆ ಯಾಕಮ್ಮಾ ಹೇಳಲಿಲ್ಲ?" ಎಂದ. "ನೀನು ಗಡಿಯಾರ ನೋಡ್ತಿದ್ದೆ," ಎಂದಳು ಅವಳು. ಮುಂದೇನು ಎಂದು ಈಗಲೇ ಹೇಳಲಾರೆ. ನಾಲ್ಕು ದಿನವೂ ಮೂರು ಗಂಟೆಗೆ ಮಕ್ಕಳನ್ನು ಕರೆತರುತ್ತಾನಂತೆ. ಭಾನುವಾರ ಅವಳು ನಿಮ್ಮೂರಿಗೆ ಹಿಂತಿರುಗುತ್ತಾಳೆ. ಮುಂದಿನ ತಿಂಗಳು ಮತ್ತೆ ಬರುತ್ತಾಳಂತೆ. ಗಂಡ ಹೆಂಡತಿ ಮತ್ತೆ ಒಂದಾದರೋ ಇಲ್ಲವೋ ಎಂದು ಮೈಕ್ ಅಜ್ಜಿ ಹತ್ತು ಸಲ ಕೇಳಿದಳು. ನಾನೇನು ಹೇಳಲಿ? ಅವರನ್ನು ಕೇಳು ಎಂದರೆ ಅದಕ್ಕೂ ಧೈರ್ಯವಿಲ್ಲ.

ಇನ್ನೊಂದು ಉಳಿದಿದೆ. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ನಿನಗೆ ಬರೆಯುತ್ತಿದ್ದೇನೆ.

ಅಮ್ಮ ಕುರ್ಚಿಯಲ್ಲಿ ಕೂತಾಗ ಚಿಕ್ಕವಳು ಮೈಕ್ ಅಜ್ಜಿಯ ಬೆನ್ನ ಹಿಂದೆ ಅವಿತಿದ್ದಳು. ಬಹಳ ಹೊತ್ತು ಇಣುಕಿ ನೋಡಿದಳು. ಮೆಲ್ಲಗೆ ಬಂದು ಒಂದೇ ಬೆರಳಿನಿಂದ ಅಮ್ಮನ ಮುಂಗೈ ಮುಟ್ಟಿ, ಓಡಿ ಹೋದಳು. ಮತ್ತೆ ಬಂದಳು, ಅಂಗೈ ಇಟ್ಟಳು. ಅಮ್ಮ ಉಸಿರು ಬಿಡದೆ ಕೂತಿದ್ದಳು. ಆಗ ಮಗು ತಿರುಗಿ ಮೈಕ್ ಅಜ್ಜಿಯನ್ನು ಕೇಳಿತು:

"ಅಜ್ಜೀ, ನಿಮ್ಮ ಮನೆ ತಾತ ಯಾವ ಬಸ್ಸಿಗೆ ಬರ್ತಾರೆ?"

ಅಜ್ಜಿ ಬಾಯಿ ತೆರೆದಳು. ಸದ್ದೇ ಬರಲಿಲ್ಲ. ಮಗು ಪಕ್ಕದವಳನ್ನು ಕೇಳಿತು, "ನಿಮ್ಮೋರು?" ಆಮೇಲೆ ಅವಳ ಪಕ್ಕದವಳನ್ನು. ಸಾಲಾಗಿ ಎಲ್ಲರನ್ನೂ ನೋಡುತ್ತ ಬಂತು. ಹನ್ನೊಂದು ಜನ ಹೆಂಗಸರು, ತಂಗೀ. ಹತ್ತಾರು ವರ್ಷ ಕಷ್ಟ ಸುಖ ಎಲ್ಲ ಕಂಡವರು, ಮಕ್ಕಳಿಗೆ ನಿಜ ಹೇಳಬೇಕು ಎನ್ನುವವರು. ಒಬ್ಬೊಬ್ಬರಾಗಿ ಬಾಗಿಲ ಕಡೆ ನೋಡಿದರು.

ನಾನೂ ನೋಡಿದೆ. ನಿನ್ನ ಭಾವ ಬಸ್ಸಿಂದ ಇಳಿದರೆ ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು, ಮೊದಲು ಮಳೆ ಬರುತ್ತದೋ ಎಂದು ಆಕಾಶ ನೋಡುತ್ತಿದ್ದರು. ಹೋಗಿ ಹನ್ನೆರಡು ವರ್ಷವಾಯಿತು. ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಆದರೂ ಒಂದು ಗಳಿಗೆ, ನಿಜವಾಗಿ, ಮೆಟ್ಟಿಲ ಸದ್ದಿಗೆ ಕಿವಿಗೊಟ್ಟೆ.

ಭಾನುವಾರ ಅವಳು ಬಂದಿಳಿದ ಮೇಲೆ, ಅವಳು ಚೆನ್ನಾಗಿದ್ದಾಳೆ ಎಂದು ನೀನೇ ಕಣ್ಣಾರೆ ನೋಡಿದ ಮೇಲೆ, ಚೀಲ ಕಟ್ಟು. ಸೋಮವಾರವೂ ಬಸ್ಸಿದೆ. ನಮ್ಮವರಲ್ಲಿ ಅದಕ್ಕೆ ಹತ್ತಬಹುದಾದವಳು ನೀನೊಬ್ಬಳೇ. ಬಾರೇ.

ಅಕ್ಕ